ತಬಸ್ಸುಮ ಸ್ಟೋರಿನ ಕಿಟಕಿ ಮುಚ್ಚಿದ ದಿನ

ತಬಸ್ಸುಮಳಿಗೆ ಮಾತಿಲ್ಲದೆ ಊಟ ಸೇರುವುದಿಲ್ಲ ಎಂದು ಅವಳ ತಾಯಿ ಮೋತಿಬಿ ಈಗಲೂ ಹೇಳುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಬೆಟಗೇರಿಯ ಅವರ ಓಣಿಯಲ್ಲಿ ಹಾಲಿನವನಿಂದ ಹಿಡಿದು ನೇಕಾರರ ಮನೆಯ ಮುದುಕಿಯರ ತನಕ ಎಲ್ಲರೂ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಅವಳೂ ಎಷ್ಟೇ ಅವಸರವಿದ್ದರೂ ನಿಲ್ಲುತ್ತಾಳೆ.

ಈ ಗುಣ ಬಂದದ್ದು ತಂದೆ ಶೇಖಸಾಬರಿಂದ. ಅವರು ಲಗ್ನದ ಅಡುಗೆಗೆ ಹೆಸರಾದವರು. ಅವರ ಒಲೆಯ ಮುಂದೆ ಒಂದು ಪದ್ಧತಿ ಇತ್ತು. ಹಂಡೆ ಇಳಿಸುವ ಮೊದಲು ಉಳ್ಳಾಗಡ್ಡಿ ಹೆಚ್ಚುವವಳು, ಕಟ್ಟಿಗೆ ಒಡೆಯುವವನು, ನೀರು ಹೊರುವವನು, ಎಲ್ಲರೂ ಒಂದೊಂದು ಚಮಚ ರುಚಿ ನೋಡಬೇಕು. ಕೊರತೆ ಕಂಡರೆ ಗಟ್ಟಿಯಾಗಿ ಹೇಳಬೇಕು. "ಈಗ ಹೇಳ್ರಿ. ಮಂದಿ ಊಟಕ್ಕ ಕುಂತ ಮ್ಯಾಲೆ ಹೇಳಿದ್ರ ನಮ್ಮ ಕೈಯಾಗ ಏನೂ ಇರೂದಿಲ್ಲ" ಎನ್ನುತ್ತಿದ್ದರು. ಹಂಡೆಯ ಸುತ್ತ ನಿಂತು ಎಲ್ಲರೂ ಒಟ್ಟಿಗೇ "ಉಪ್ಪು ಕಡಿಮಿ", "ಖಾರ ಜಾಸ್ತಿ" ಎಂದು ಕೂಗುವ ಗದ್ದಲದಲ್ಲೇ ತಬಸ್ಸುಮ ಬೆಳೆದಳು.

ಹಾಗೆ ಬೆಳೆದವಳಿಗೆ ಕೆಲಸ ಸಿಕ್ಕದ್ದು ಯಾರೂ ಬಾಯಿ ಬಿಡದ ಜಾಗದಲ್ಲಿ.

ಆ ಜಾಗದ ಹೆಸರು ಗರಿಕೆ ಕೃಷಿ ಯಂತ್ರ. ಗದಗ ರಸ್ತೆಯ ಬದಿಗೆ ದೊಡ್ಡ ಅಂಗಳ, ಅದರ ಹಿಂದೆ ತಗಡಿನ ಶೆಡ್ಡು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಬಿತ್ತುವ ಕೂರಿಗೆಗಳನ್ನು ಅಲ್ಲಿ ತಯಾರಿಸುತ್ತಾರೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ಸುತ್ತಿನ ಎಲ್ಲ ಕಡೆ ಅವು ಓಡಾಡುತ್ತವೆ. ತಬಸ್ಸುಮ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಾಳೆ. ಬೋಲ್ಟು, ಬೇರಿಂಗು, ಚೈನು, ವೆಲ್ಡಿಂಗ್ ಕಡ್ಡಿ, ಯಾರಿಗೆ ಏನು ಬೇಕಾದರೂ ಅವಳ ಕಿಟಕಿಗೆ ಬರಬೇಕು. ರೈತರ ಫೋನೂ ಅಲ್ಲಿಗೇ ಬರುತ್ತದೆ.

ಮಾಲೀಕರು ಅಂದಾನಪ್ಪನವರು. ಸೈಕಲ್ ರಿಪೇರಿಯಿಂದ ಶುರು ಮಾಡಿ ಇಷ್ಟು ದೊಡ್ಡ ಶೆಡ್ಡು ಕಟ್ಟಿದವರು. ಒಳ್ಳೆಯ ಮನುಷ್ಯರು. ಕೆಲಸಗಾರರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ತಾವೇ ಗಾಡಿ ಕಳಿಸುತ್ತಾರೆ. ಆದರೆ ಆಸೀಮ ಎಂಬ ಫೋರಮನ್ ಅವರ ಮನಸ್ಸನ್ನು ಮುರಿದಿದ್ದ. ಅವರ ಕೈಯಲ್ಲೇ ಕಲಿತು, ಹೇಳದೆ ಕೇಳದೆ ಬಿಟ್ಟುಹೋಗಿ, ಲಕ್ಷ್ಮೇಶ್ವರದಲ್ಲಿ ತನ್ನದೇ ಶೆಡ್ಡು ಹಾಕಿದ. ಅಂದಾನಪ್ಪನವರ ಕೂರಿಗೆಯೇ ಅಲ್ಲಿ ಬೇರೆ ಬಣ್ಣ ಬಳಿದುಕೊಂಡು ನಿಂತಿತು. ಅಂದಿನಿಂದ ನಕಾಶೆಗಳು ಅವರ ಕೋಣೆಯ ಕಪಾಟು ಸೇರಿದವು, ಬೀಗದ ಕೈ ಅವರ ಕಿಸೆ ಸೇರಿತು. ಕಂಪನಿಗೆ ಒಂದು ನಿಯಮವೂ ಬಂತು. "ನಿನ್ನ ಕೆಲಸ ನೀ ಮಾಡು. ಮಾತಿದ್ರ ನನ್ನ ಕೂಡ ಆಡು."

ವೆಲ್ಡಿಂಗ್‌ನವರು ಮಾರಾಟದವರ ಜೊತೆ ಮಾತಾಡುವಂತಿರಲಿಲ್ಲ. ಎಂಜಿನಿಯರು ತಾನು ಮಾಡಿದ ಬದಲಾವಣೆಯನ್ನು ಮಾಲೀಕರಿಗೆ ಮಾತ್ರ ಹೇಳಬೇಕಿತ್ತು. ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ಶುಭಾಶಯ, ಇವಿಷ್ಟೇ ಬರುತ್ತಿದ್ದವು.

ಈ ಮುಂಗಾರಿಗೆ ಹೊಸ ಮಾದರಿಯ ಕೂರಿಗೆ ಹೊರಗೆ ಬಂತು. ತೂಕ ಕಡಿಮೆ, ನೋಡಲು ಚೆಂದ. ತುಂಗಭದ್ರಾ ದಂಡೆಯ ಹಮ್ಮಿಗಿಯಲ್ಲಿ ಪರೀಕ್ಷೆ ಮಾಡಿದಾಗ ಸಾಲು ಹಿಡಿದು ಬಿತ್ತಿತ್ತು. ಅಂದಾನಪ್ಪನವರು ಪೇಢೆ ಹಂಚಿದ್ದರು. ಆಮೇಲೆ ಮಳೆ ಬಂತು, ಹೊಲ ಹದವಾಯಿತು, ತಬಸ್ಸುಮಳ ಫೋನು ಬಡಿದುಕೊಳ್ಳತೊಡಗಿತು.

"ಯವ್ವಾ, ಇದು ಕೂರಿಗಿ ಅದನೋ, ಆಟಿಗಿ ಸಾಮಾನ ಅದನೋ?" ಹೊಂಬಳದಿಂದ ರೇಣುಕವ್ವ ಎಂಬ ರೈತ ಮಹಿಳೆ ಕೇಳಿದರು. "ನಾಕು ಮಾರು ಬೀಜ ಬೀಳ್ತಾವ, ಆಮ್ಯಾಲೆ ಖಾಲಿ. ಮತ್ತ ಬೀಳ್ತಾವ, ಮತ್ತ ಖಾಲಿ. ನನ್ನ ಶೇಂಗಾ ಹೊಲ ಹಲ್ಲು ಬಿದ್ದ ಮುದುಕಿ ಬಾಯಿ ಆಗಿ ಹೋಗತೈತಿ."

"ಬೀಜದ ಪೆಟ್ಟಿಗಿ ತೆರದು ನೋಡಿದ್ರೇನ್ರಿ, ರೇಣುಕವ್ವಾರ?"

"ನಿಮ್ಮ ಮಂದಿ ನಮ್ಮ ಮನಿ ಮುಂದ ನಿಂತು ಪೆಟ್ಟಿಗಿ ಬದಲಿ ಮಾಡಿದ್ರು, ಪೈಪ್ ಬದಲಿ ಮಾಡಿದ್ರು. ನನ್ನ ಹೊಲದಾಗಿನ ಹದ ಹೋಗೂದ್ರಾಗ ನಿಮ್ಮ ಬದಲಿ ಮುಗೀತಾವೇನ?"

ಆ ಮಾತಿನ ಬಿಸಿ ಕಿವಿಯಲ್ಲಿ ಇರುವಾಗಲೇ ಲಾರಿ ಓಡಿಸುವ ಇನಾಯತ ಕಿಟಕಿಗೆ ಬಂದ. ಕೈಕಾಲೆಲ್ಲ ಒದ್ದೆ.

"ಆಪಾ, ಇನ್ನೊಂದು ನೀರಿನ ಪೈಪ್ ಕೊಡ್ರಿ. ವಾಪಸ್ ಬರೋ ಕೂರಿಗಿ ತೊಳದು ತೊಳದು ಇದು ಒಡದು ಹೋತು. ಹಮ್ಮಿಗಿ ಕಡಿಂದ ಬಂದ್ರ ಚೊಕ್ಕ ಇರತಾವ. ಹೊಂಬಳದ ಮಾಲು ಬಂತಂದ್ರ ಮುಗೀತು."

ಅವನು ಹೋದ ಮೇಲೆ ವೆಲ್ಡರ್ ಸಿದ್ದಾರೂಢ ಬಂದ. "ಅಕ್ಕಾ, ಈ ವರ್ಷ ಕೂರಿಗಿ ಗಾಲಿ ಹಲ್ಲಿಗೆ ವೆಲ್ಡಿಂಗ್ ಕಡ್ಡಿ ಬಾಳ ಬೇಕಾಗವಲ್ದು. ಹಲ್ಲು ಮೋಟ ಆಗ್ಯಾವ. ಯಾಕಂತ ನಂಗ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ."

ಅವನ ಬೆನ್ನಿಗೇ ಎಂಜಿನಿಯರ್ ಶಾಂಭವಿ ಬಂದಳು. ಓದು ಮುಗಿಸಿ ಬಂದು ಹೆಚ್ಚು ಕಾಲವಾಗದ ಹುಡುಗಿ. ಕಣ್ಣು ಕೆಂಪಾಗಿದ್ದವು. "ಅಕ್ಕಾರ, ಬೀಜದ ಪೆಟ್ಟಿಗಿ ನಕಾಶಿ ಮತ್ತ ಮತ್ತ ನೋಡಾಕತ್ತೀನಿ. ಅದರಾಗ ತಪ್ಪಿಲ್ರಿ. ಹೊಲದಾಗ ಏನಾಗತೈತಿ ಅಂತ ನಂಗ ಯಾರಾರ ಹೇಳಿದ್ರ ಚೊಲೊ ಆಗ್ತಿತ್ತು."

ತಬಸ್ಸುಮ ಅವಳನ್ನು ನೋಡಿದಳು. ಒದ್ದೆ ಹೆಜ್ಜೆ ಇಡುತ್ತ ಹೋಗುತ್ತಿದ್ದ ಇನಾಯತನನ್ನು ನೋಡಿದಳು. ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಇವರೆಲ್ಲ ತನ್ನ ಜೊತೆ ಮಾತಾಡುತ್ತಿದ್ದಾರೆ, ಒಬ್ಬರ ಜೊತೆ ಒಬ್ಬರು ಮಾತಾಡುತ್ತಿಲ್ಲ!

ಅವಳು ಎದ್ದು ಕಿಟಕಿಯ ತಗಡನ್ನು ದಡಾರನೆ ಎಳೆದು ಮುಚ್ಚಿದಳು. ಬೀಗ ಹಾಕಿಕೊಂಡು ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತಳು.

"ಯಾರಿಗೂ ಒಂದು ನಟ್ಟು ಕೊಡೂದಿಲ್ಲ!" ಎಂದು ಕೂಗಿದಳು. "ಎಲ್ಲಾರೂ ಇಲ್ಲಿ ಬರ್ರಿ. ನನ್ನ ಮುಂದ ಆಡಿದ ಮಾತು ಎಲ್ಲಾರ ಮುಂದ ಆಡ್ರಿ. ಆಮ್ಯಾಲೆ ಕಿಟಕಿ ತೆಗೀತೀನಿ."

ಮಷೀನುಗಳ ಸದ್ದು ಒಂದೊಂದಾಗಿ ನಿಂತಿತು. ಜನ ಹೊರಬಂದರು. ಕೆಲವರು ನಗುತ್ತಿದ್ದರು, ಕೆಲವರು ಮಾಲೀಕರ ಕೋಣೆಯತ್ತ ನೋಡುತ್ತಿದ್ದರು. ಅಂದಾನಪ್ಪನವರು ಬಾಗಿಲು ತೆರೆದು ಬಂದಾಗ ನಗು ಅಡಗಿತು.

"ಏನಿದು, ತಬಸ್ಸುಮ? ಸಂತಿ ಮಾಡೀಯೇನು?"

"ಸಂತ್ಯಾಗ ಮಂದಿ ಮಾತಾಡ್ತಾರಲ್ರಿ, ಸಾವಕಾರ್ರ. ಇಲ್ಲಿ ಅದೂ ಇಲ್ಲ."

"ನನ್ನ ಕೂಡ ಮಾತಾಡಾಕ ನಿಮಗ ಯಾರು ಬ್ಯಾಡ ಅಂದಾರ?"

"ನಿಮ್ಮ ಕೂಡ ಎಲ್ಲಾರೂ ಒಬ್ಬೊಬ್ಬರ ಬಂದು ಒಂದೊಂದು ತುಣುಕು ಹೇಳ್ತಾರ್ರಿ. ಅವನ್ನ ಜೋಡಿಸೂದು ನಿಮ್ಮೊಬ್ಬರ ಕೆಲಸ ಆಗೈತಿ. ಖರೆ ಹೇಳ್ರಿ, ನಿದ್ದಿ ಆಗತೈತೇನು ನಿಮಗ?"

ಅಂದಾನಪ್ಪನವರ ಮುಖ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೀಗ ಹಾಕಿದ ಕಿಟಕಿಯ ಆಚೆ ಫೋನು ಮತ್ತೆ ಬಡಿದುಕೊಂಡಿತು. ಯಾರೂ ಹೋಗಿ ಎತ್ತುವಂತಿರಲಿಲ್ಲ. ಅದು ಬಡಿದುಕೊಂಡು ತಾನೇ ಸುಮ್ಮನಾಗುವ ತನಕ ಎಲ್ಲರೂ ಕೇಳಿಸಿಕೊಂಡು ನಿಂತರು.

ಅಂದಾನಪ್ಪನವರು ಬೇವಿನ ಕಟ್ಟೆಯ ಮೇಲೆ ಕುಳಿತರು. "ಒಂದು ತಾಸು. ಅದರ ಮ್ಯಾಲೆ ಇಲ್ಲ. ಮಾತಾಡ್ರಿ."

ಮಾತಾಡಿ ಎಂದರೆ ಮಾತು ಬರುವುದಿಲ್ಲ. ನಿನ್ನೆಯ ತನಕ ಬಾಯಿ ಮುಚ್ಚಿಕೊಂಡಿದ್ದವರು ಕಾಲಬೆರಳಿನಿಂದ ಮಣ್ಣು ಕೆರೆಯುತ್ತ ನಿಂತರು. ಆಗ ತಬಸ್ಸುಮಳೇ ಮುಂದಾದಳು.

"ಹಂಗಾದ್ರ ನಾ ಮೊದಲು ಹೇಳ್ತೀನಿ. ತಪ್ಪು ಚೈನಿಂದು. ಹೊಂಬಳಕ್ಕ ಚೈನು ಕಳಿಸಿ ಕಳಿಸಿ ನನ್ನ ಸ್ಟೋರು ಖಾಲಿ ಆಗೈತಿ. ಚೈನು ಉದ್ದ ಆಗಿ ಜಾರತೈತಿ, ಅದಕ್ಕ ಬೀಜ ನಿಲ್ಲತಾವ. ಬರದು ಇಟಗೋರಿ!"

"ಅಕ್ಕಾ," ಎಂದ ಸಿದ್ದಾರೂಢ ಮೆಲ್ಲಗೆ, "ನಾ ವಾಪಸ್ ಬಂದ ಚೈನು ನೋಡೀನಿ. ಒಂದೂ ಉದ್ದ ಆಗಿಲ್ಲ. ಹೊಸಾವು ಇದ್ದಂಗ ಅದಾವ. ಕಳಿಸಿದ್ದು ಸುಮ್ಮನ."

ತಬಸ್ಸುಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ, ಇಷ್ಟು ಜೋರು ಮಾಡಿ ಎಲ್ಲಾರ್ನೂ ಕರದು, ಮೊದಲನೇ ಮಾತ ತಪ್ಪು!"

ಅಂಗಳವೆಲ್ಲ ನಕ್ಕಿತು. ಆ ನಗೆಗೆ ಕಟ್ಟೆ ಒಡೆದಂತಾಯಿತು. ಇವಳೇ ಇಷ್ಟು ಧೈರ್ಯವಾಗಿ ತಪ್ಪು ಹೇಳಬಹುದಾದರೆ ನಾವೇಕೆ ಹೆದರಬೇಕು ಎಂದು ಉಳಿದವರಿಗೆ ಅನ್ನಿಸಿರಬೇಕು. ಒಬ್ಬ ಪೈಪಿನ ಬಗ್ಗೆ ಹೇಳಿದ, ಇನ್ನೊಬ್ಬ ಬೀಜದ ಗಾತ್ರದ ಬಗ್ಗೆ ಹೇಳಿದ. ಪೇಂಟ್ ಹೊಡೆಯುವ ಗುಲಾಬಬಿ, ವಾಪಸ್ ಬಂದ ಗಾಲಿಗಳಲ್ಲಿ ಬಣ್ಣ ಒಂದೇ ಕಡೆ ಉಜ್ಜಿ ಹೋಗಿರುತ್ತದೆ ಎಂದಳು.

"ಒಂದ ಕಡೆ?" ಶಾಂಭವಿ ಚಟ್ಟನೆ ತಿರುಗಿದಳು. "ಗಾಲಿ ತಿರುಗಿದ್ರ ಸುತ್ತಲೂ ಉಜ್ಜಬೇಕಲ್ರಿ?"

"ಸುತ್ತ ಇಲ್ಲವ್ವ. ಒಂದು ಜಾಗಾ ಬೆಳ್ಳಗ ಹೊಳಿತಿರತೈತಿ."

ಕೂರಿಗೆ ನಡೆಯುವ ರೀತಿ ಇಷ್ಟೇ. ಅದಕ್ಕೆ ನೆಲದ ಮೇಲೆ ಉರುಳುವ ಒಂದು ಕಬ್ಬಿಣದ ಗಾಲಿ ಇರುತ್ತದೆ. ಗಾಲಿ ಉರುಳಿದರೆ ಚೈನು ತಿರುಗುತ್ತದೆ, ಚೈನು ತಿರುಗಿದರೆ ಪೆಟ್ಟಿಗೆಯ ಬೀಜ ಕೆಳಗೆ ಬೀಳುತ್ತದೆ. ಗಾಲಿ ಉರುಳದೆ ಸುಮ್ಮನೆ ಎಳೆದುಕೊಂಡು ಹೋದರೆ ಬೀಜ ಬೀಳುವುದಿಲ್ಲ.

"ಇನಾಯತಣ್ಣ," ಶಾಂಭವಿ ಅವನ ಹತ್ತಿರ ಹೋಗಿ ಕೇಳಿದಳು, "ಹೊಂಬಳದಿಂದ ಬಂದಾಗ ಗಾಲಿ ಹೆಂಗಿರತಾವ?"

"ಗಾಲಿ ಎಲ್ಲಿ ಕಾಣತಾವ? ಎರಿ ಮಣ್ಣು ಮೆತ್ತಿ ದೊಡ್ಡ ಉಂಡಿ ಆಗಿರತಾವ. ಹಲ್ಲು ಎಲ್ಲಾ ಮುಚ್ಚಿರತಾವ. ಗೇಟಿನ್ಯಾಗ ನಿಂತು ಕೆತ್ತಿ, ತೊಳದು, ಚೊಕ್ಕ ಮಾಡಿ ಒಳಗ ಬಿಡತೀನಿ. ಸಾವಕಾರ್ರಿಗೆ ಅಂಗಳ ಹೊಲಸಾದ್ರ ಆಗೂದಿಲ್ಲಲ್ಲ."

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

"ತೊಳದು ಬಿಡತೀಯಲ್ಲೋ!" ಸಿದ್ದಾರೂಢ ತಲೆ ಚಚ್ಚಿಕೊಂಡ. "ರೋಗ ತೊಳದು ನಮ್ಮ ಮುಂದ ಇಡತೀ, ನಾವು ಪೆಟ್ಟಿಗಿ ಬಿಚ್ಚಿ ನೋಡತೀವಿ!"

"ನಂಗೇನ ಗೊತ್ತಪ್ಪ? ತೊಳಿ ಅಂದ್ರು, ತೊಳದೆ!"

ಹಮ್ಮಿಗಿಯ ದಂಡೆಯಲ್ಲಿ ಉಸುಕು ಮಣ್ಣು, ಮೆತ್ತುವುದಿಲ್ಲ. ಹೊಂಬಳದ ಕಪ್ಪು ಎರೆಭೂಮಿ ಹದವಾದಾಗ ಕಾಲನ್ನೇ ಬಿಡದು, ಗಾಲಿಯನ್ನು ಬಿಟ್ಟೀತೇ? ಮಣ್ಣು ಹಿಡಿದ ಗಾಲಿ ಬೋಳು ಗುಂಡಾಗಿ ಜಾರುತ್ತಿತ್ತು. ಎಲ್ಲರಿಗೂ ಒಮ್ಮೆಲೇ ಕಣ್ಣಿಗೆ ಕಟ್ಟಿತು.

ಶಾಂಭವಿ ಗುಂಪಿನ ನಡುವೆ ಬಂದು ನಿಂತಳು. "ಗಾಲಿ ಹಲ್ಲು ಮೋಟ ಮಾಡಿದ್ದು ನಾನ್ರಿ. ತೂಕ ಕಡಿಮಿ ಆಗಲಿ ಅಂತ. ಉಸುಕಿನ್ಯಾಗ ಸರಿ ನಡೀತು. ಎರಿ ಮಣ್ಣು ನಂಗ ಹೊಳೀಲಿಲ್ಲ."

ಎಲ್ಲರ ಕಣ್ಣೂ ಅಂದಾನಪ್ಪನವರ ಮೇಲೆ ಹೋಯಿತು. ಅವರು ಹುಡುಗಿಯನ್ನು ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು.

"ಸಹಿ ಮಾಡಿದಾವ ನಾನು," ಎಂದರು. "ಹೊಂಬಳದ ಹೊಲದಾಗ ಬಿತ್ತಿದ ಮಂದಿ ಈ ಅಂಗಳದಾಗ ಎಷ್ಟೋ ಅದಾರ. ಅವರ ಮುಂದ ಈ ನಕಾಶಿ ಇಡಬ್ಯಾಡ ಅಂದಾವನೂ ನಾನ. ಕುಂಡ್ರವ್ವ, ಅಳಬ್ಯಾಡ. ಇನ್ನ ಮ್ಯಾಲೆ ಹೆಂಗ ಮಾಡೂಣು ಅದನ್ನ ಹೇಳು."

ಕಿಸೆಯಿಂದ ಕೀಲಿಕೈ ತೆಗೆದು ತಬಸ್ಸುಮಳ ಕೈಗಿಟ್ಟರು. "ಕಪಾಟು ತೆಗಿ. ನಕಾಶಿ ತಗೊಂಡು ಬಾ."

ಕಾಗದ ಚಿಕ್ಕದು, ಜನ ಬಹಳ. ಶಾಂಭವಿ ಸೀಮೆಸುಣ್ಣದ ಕಡ್ಡಿ ತರಿಸಿ ಅಂಗಳದ ಸಿಮೆಂಟಿನ ಮೇಲೆ ಗಾಲಿಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದಳು. ಜನ ಅದರ ಸುತ್ತ ಕುಕ್ಕರಗಾಲಲ್ಲಿ ಕುಳಿತರು. ಹಲ್ಲು ಉದ್ದ ಮಾಡಬೇಕೆಂದು ಎಲ್ಲರೂ ಒಪ್ಪಿದರು. ಮಣ್ಣು ಕೆರೆದು ಬೀಳಿಸಲು ಗಾಲಿಯ ಬದಿಗೆ ಒಂದು ಪಟ್ಟಿ ಬೇಕು ಎಂದ ಸಿದ್ದಾರೂಢ. ಅವನೂರಿನಲ್ಲಿ ಮಣ್ಣು ಕೆರೆಯಲು ಕೋಲು ಹಿಡಿದು ಒಬ್ಬರು ಕೂರಿಗೆಯ ಹಿಂದೆ ನಡೆಯುತ್ತಾರೆ, ಆ ಕೆಲಸವನ್ನು ಪಟ್ಟಿ ಮಾಡಲಿ ಎಂಬುದು ಅವನ ವಾದ.

"ಕಲ್ಲು ಸಿಕ್ಕರ?" ಎಂದು ಕೇಳಿದ ಇನಾಯತ. "ಶಿರಹಟ್ಟಿ ಮಸಾರಿ ಹೊಲ, ಆ ಕೆಂಪು ಕಲ್ಲು ನೆಲ ನೋಡೀಯೇನು? ಪಟ್ಟಿ ಗಾಲಿ ನಡುವ ಕಲ್ಲು ಸಿಕ್ಕತಂದ್ರ ಗಾಲಿ ನಿಂತ ಬಿಡತೈತಿ."

ಮತ್ತೆ ಗದ್ದಲ. ಪಟ್ಟಿ ದೂರ ಇಡು ಎಂದರೊಬ್ಬರು. ದೂರ ಇಟ್ಟರೆ ಮಣ್ಣು ಬೀಳದು ಎಂದರು ಇನ್ನೊಬ್ಬರು. ಕಟ್ಟೆಯ ಮೇಲಿದ್ದ ಅಂದಾನಪ್ಪನವರು ಯಾವಾಗ ಇಳಿದು ಬಂದರೋ, ಪಂಚೆ ಎತ್ತಿ ಕಟ್ಟಿ ಸುಣ್ಣದ ಗೆರೆಯ ಮೇಲೆ ಮೊಣಕಾಲೂರಿದ್ದರು.

"ಸ್ಪ್ರಿಂಗ್!" ಎಂದು ಕೂಗಿದರು. "ಸೈಕಲ್ ಸ್ಟ್ಯಾಂಡಿಗೆ ಹಾಕತಿದ್ದೆನಲ್ಲ, ಅಂಥಾದ್ದು. ಮಣ್ಣು ಬಂದ್ರ ಪಟ್ಟಿ ಒತ್ತಿ ಹಿಡೀತೈತಿ, ಕಲ್ಲು ಬಂದ್ರ ಹಿಂದಕ್ಕ ಸರದು ದಾರಿ ಬಿಡತೈತಿ. ಕೊಡಿಲ್ಲಿ ಆ ಸುಣ್ಣ!"

ತಾಸು ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ತಬಸ್ಸುಮ ಕಿಟಕಿ ತೆಗೆದಳು, ಈ ಸಲ ಜನ ಅವಳು ಕೊಟ್ಟಿದ್ದನ್ನೆಲ್ಲ ಓಡೋಡಿ ಒಯ್ದರು. ಸಂಜೆಯ ಹೊತ್ತಿಗೆ ಮೊದಲ ಗಾಲಿ ಸಿದ್ಧವಾಗಿತ್ತು. ಗುಲಾಬಬಿ ಬಣ್ಣ ಹಚ್ಚಲು ಬಂದರೆ ಶಾಂಭವಿ ತಡೆದಳು. "ಬ್ಯಾಡ್ರಿ, ಎಲ್ಲಿ ಉಜ್ಜತೈತಿ ನೋಡೂಣು."

ಮರುದಿನ ಬೆಳಿಗ್ಗೆ ಇನಾಯತನ ಲಾರಿಯಲ್ಲಿ ಕೂರಿಗೆಯ ಜೊತೆ ಹಿಡಿಯುವಷ್ಟು ಜನ ಹತ್ತಿದರು. ಹಿಡಿಯದವರು ಬೈಕು ಹತ್ತಿದರು. ಹೊಂಬಳದ ಹೊಲದ ಬದುವಿನಲ್ಲಿ ರೇಣುಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಬರ್ರಿ, ಬರ್ರಿ. ಕೂರಿಗಿ ಒಂದು, ದಿಬ್ಬಣ ಇಷ್ಟು!"

ಟ್ರ್ಯಾಕ್ಟರು ಹೊಲಕ್ಕಿಳಿಯಿತು. ತಬಸ್ಸುಮ ಚಪ್ಪಲಿ ಕೈಯಲ್ಲಿ ಹಿಡಿದು ಕೂರಿಗೆಯ ಹಿಂದೆ ಓಡಿದಳು. ಅಂಗಾಲಿಗೆ ಎರೆಮಣ್ಣು ದಪ್ಪಗೆ ಮೆತ್ತಿಕೊಳ್ಳುತ್ತಿತ್ತು. ಗಾಲಿಗೂ ಮೆತ್ತಿತು, ಪಟ್ಟಿಯ ಹತ್ತಿರ ಬಂತು, ಹೆಂಟೆಯಾಗಿ ಕಳಚಿ ಬಿತ್ತು. ಮತ್ತೆ ಮೆತ್ತಿತು, ಮತ್ತೆ ಕಳಚಿತು. ಗಾಲಿ ಉರುಳುತ್ತಲೇ ಇತ್ತು.

"ನಿಲ್ಲಿಸ್ರಿ! ಸಾಲು ಕೆದರಿ ನೋಡೂಣು!"

ಜನ ಸಾಲಿನುದ್ದಕ್ಕೂ ಬಾಗಿ ಬೆರಳಿನಿಂದ ಮಣ್ಣು ಸರಿಸಿದರು. ಶೇಂಗಾ ಬೀಜ ಅರ್ಧ ಗೇಣಿನ ಅಂತರದಲ್ಲಿ ಒಂದರ ಹಿಂದೊಂದು ಮಲಗಿದ್ದವು. "ಇಲ್ಲಿ ಐತಿ!" "ಇಲ್ಲೂ ಐತಿ!" "ಇಲ್ಲೂ!" ಹೊಲದ ಈ ತುದಿಯಿಂದ ಆ ತುದಿಯ ತನಕ ಕೂಗು ಹಬ್ಬಿತು. ಶಾಂಭವಿ ಮಣ್ಣುಗೈಯಲ್ಲೇ ತಬಸ್ಸುಮಳನ್ನು ಅಪ್ಪಿಕೊಂಡು ಕುಣಿದಳು. ಸಿದ್ದಾರೂಢ ಗಾಲಿಯ ಮುಂದೆ ಕುಳಿತು, ದೃಷ್ಟಿ ತೆಗೆಯುವವನ ಹಾಗೆ ಅದನ್ನು ನೇವರಿಸುತ್ತಿದ್ದ. ರೇಣುಕವ್ವ ಎಲ್ಲರನ್ನೂ ಬದುವಿನ ಮೇಲೆ ಕೂರಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು.

ಹದ ಹೋಗುವುದರೊಳಗೆ ಉಳಿದ ಗಾಲಿಗಳನ್ನೂ ಬದಲಿಸಿ ಮುಗಿಸಿದರು. ಆಮೇಲಿನದನ್ನು ಹೇಳದಿದ್ದರೆ ತಬಸ್ಸುಮಳ ಕಥೆ ಅರ್ಧವಾಗುತ್ತದೆ. ಬೇವಿನ ಕೆಳಗಿನ ಮಾತು ದಿನದ ರೂಢಿಯಾಯಿತು. ಚಹಾದ ಹೊತ್ತಿಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಎಲ್ಲವೂ ಸಲೀಸಾಗಿ ನಡೆಯಿತು ಎಂದಲ್ಲ. ಮಾರಾಟದವರಿಗೂ ಶೆಡ್ಡಿನವರಿಗೂ ಒಮ್ಮೆ ಜೋರು ಜಗಳವಾಗಿ ವಾರದ ತನಕ ಮಾತು ನಿಂತಿತು. ತಬಸ್ಸುಮ ಎರಡೂ ಕಡೆಯವರಿಂದ ಬೈಸಿಕೊಂಡಳು. ಮನೆಯಲ್ಲಿ ಮೋತಿಬಿ, "ಮಂದಿ ಬಾಯಿ ತೆರೆಸಿದಾಕಿ ನೀನ, ಈಗ ಕೇಳು ಬೇಟಿ" ಎಂದು ನಕ್ಕರು. ನಕಾಶೆಯ ಕಪಾಟಿಗೆ ಬೀಗ ಹಾಕುವುದು ಮಾತ್ರ ನಿಂತೇಹೋಯಿತು. ವಾಪಸ್ ಬಂದ ಕೂರಿಗೆಗಳು ಮಣ್ಣಿನ ಸಮೇತ ಅಂಗಳಕ್ಕೆ ಬರುತ್ತವೆ. ಅಂಗಳ ಹೊಲಸಾಗಿದೆ ಎಂದು ಅಂದಾನಪ್ಪನವರು ಗೊಣಗುತ್ತಾರೆ, ಬಗ್ಗಿ ಮಣ್ಣನ್ನು ಬೆರಳಲ್ಲಿ ತಿಕ್ಕಿಯೂ ನೋಡುತ್ತಾರೆ.

ಹಿಂಗಾರಿಗೆ ಮೊದಲು ಒಂದು ದಿನ ಇನಾಯತ ಲಕ್ಷ್ಮೇಶ್ವರದಿಂದ ಮೊಬೈಲಿನಲ್ಲಿ ಫೋಟೋ ತಂದ. ಆಸೀಮನ ಶೆಡ್ಡಿನ ಮುಂದೆ ನಿಂತ ಕೂರಿಗೆ. ಅದೇ ಉದ್ದ ಹಲ್ಲು, ಅದೇ ಪಟ್ಟಿ, ಅದೇ ಸ್ಪ್ರಿಂಗು. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಆ ಹಳೆಯ ಬೀಗ ಈಗ ಮತ್ತೆ ಹೊರಬರುತ್ತದೆ ಎಂದುಕೊಂಡಳು ತಬಸ್ಸುಮ.

ಅಂದಾನಪ್ಪನವರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಭುಜ ಅಲುಗತೊಡಗಿತು. ನಗುತ್ತಿದ್ದಾರೆ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಸ್ಪ್ರಿಂಗ್ ಉಲ್ಟಾ ಹಾಕ್ಯಾನಲೇ! ಕಲ್ಲು ಬಂದ್ರ ಪಟ್ಟಿ ಹಿಂದಕ್ಕ ಸರಿಯೂದಿಲ್ಲ, ಗಾಲ್ಯಾಗ ಹೋಗಿ ಸಿಗತೈತಿ. ನೋಡಿ ಮಾಡ್ಯಾನ. ಯಾಕ ಅನ್ನೂದನ್ನ ಕೇಳಾಕ ಅವ ಈ ಅಂಗಳದಾಗ ಇರಲಿಲ್ಲಲ್ಲ!"

"ಹೇಳಿ ಕಳಸೂಣೇನ್ರಿ ಅವಂಗ?" ತಬಸ್ಸುಮ ಕೇಳಿದಳು.

"ಅಷ್ಟು ದೊಡ್ಡ ಮನಸು ನಂಗ ಇನ್ನೂ ಬಂದಿಲ್ಲವ್ವ," ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತ. "ಈಗ ಮುಂದಿಂದು ನೋಡ್ರಿ. ಜ್ವಾಳದ ಕೂರಿಗಿ ಎಲ್ಲಿಗೆ ಬಂತು?"

"ಅದಕ್ಕಿಂತ ಮೊದಲು ನಂದೊಂದು ಐತ್ರಿ!" ಇನಾಯತ ಆಗಲೇ ಲಾರಿಯ ಕಡೆ ಓಡುತ್ತಿದ್ದ. "ಮುಂಡರಗಿ ಕಡೆ ಒಬ್ಬಾವ ನಮ್ಮ ಕೂರಿಗಿಗೆ ತಾನ ಏನೋ ಕಟ್ಟಿಕೊಂಡಾನ. ಬಿಚ್ಚಿಸಿಕೊಂಡು ತಂದೀನಿ. ಎಲ್ಲಾರೂ ಬರ್ರಿ, ಜಲ್ದಿ ಬರ್ರಿ, ನೋಡಿದ್ರ ನಂಬೂದಿಲ್ಲ ನೀವು!"

ಬೇವಿನ ಕಟ್ಟೆ ಖಾಲಿಯಾಯಿತು. ತಬಸ್ಸುಮ ಸುಣ್ಣದ ಕಡ್ಡಿ ಹುಡುಕಿಕೊಂಡು ಎಲ್ಲರಿಗಿಂತ ಮುಂದೆ ಓಡಿದಳು.